ಎದೆಯ ಕೆಂಪೆಲ್ಲ ಹಾಲುಗಟ್ಟಿದ್ದಲ್ಲ: ಸ್ತನದ ರಚನೆ ಮತ್ತು ಉರಿಯೂತ

ತುಮಕೂರು: ಹೆರಿಗೆಗೆಂದು ಗುಬ್ಬಿಯ ಅಥವಾ ಕುಣಿಗಲ್‌ನ ತವರುಮನೆಗೆ ಬಂದ ಮಗಳಿಗೆ ಬಾಣಂತನದ ಎರಡನೇ ವಾರದಲ್ಲಿ ಎದೆ ಕೆಂಪಾಗಿ, ಗಟ್ಟಿಯಾಗಿ, ಚಳಿಜ್ವರ ಬಂದರೆ ಹಿರಿಯರು ಹೇಳುವ ಮಾತು ಒಂದೇ: ‘ಹಾಲು ಕಟ್ಟಿದೆ’. ಬಹುಪಾಲು ಬಾಣಂತಿಯರಲ್ಲಿ ಅದು ನಿಜ. ಆದರೆ ಚಿಕಿತ್ಸೆ ಪಡೆದರೂ ಕೆಂಪು ಇಳಿಯದಿದ್ದಾಗ, ಅಥವಾ ಹಾಲುಣಿಸದ ಮಹಿಳೆಯಲ್ಲಿ ಇದೇ ಲಕ್ಷಣ ಕಂಡಾಗ ಆ ಮಾತನ್ನೇ ನಂಬಿ ಕೂರುವುದು ಅಪಾಯಕಾರಿ.

ರಚನೆ ಹೇಗಿದೆ?

ಸ್ತನವು ಎದೆಯ ಸ್ನಾಯುವಿನ ಮೇಲೆ, ಎರಡನೆಯ ಪಕ್ಕೆಲುಬಿನಿಂದ ಆರನೆಯದರವರೆಗೆ ಹರಡಿರುವ ಅಂಗ. ಅದರೊಳಗೆ ಸಾಮಾನ್ಯವಾಗಿ 15ರಿಂದ 20 ಹಾಲೆಗಳಿರುತ್ತವೆ. ಪ್ರತಿ ಹಾಲೆಯಲ್ಲಿ ದ್ರಾಕ್ಷಿಗೊಂಚಲಿನಂತೆ ಕ್ಷೀರಗ್ರಂಥಿಗಳಿದ್ದು, ಅಲ್ಲಿ ಉತ್ಪತ್ತಿಯಾದ ಹಾಲು ನಾಳಗಳ ಮೂಲಕ ತೊಟ್ಟಿಗೆ ಬರುತ್ತದೆ. ನಡುವಿನ ಜಾಗವನ್ನು ಕೊಬ್ಬು ತುಂಬಿದ್ದರೆ, ಆಧಾರ ನೀಡುವುದು ನಾರಿನ ಪಟ್ಟಿಗಳು. ಇವುಗಳನ್ನು 19ನೇ ಶತಮಾನದಲ್ಲಿ ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಅವರ ಹೆಸರಿನಿಂದಲೇ ಈ ಪಟ್ಟಿಗಳನ್ನು ಕರೆಯಲಾಗುತ್ತದೆ. ಸ್ತನದ ದುಗ್ಧರಸದ ಬಹುಭಾಗ ಕಂಕುಳಿನ ಗ್ರಂಥಿಗಳಿಗೆ ಹರಿಯುತ್ತದೆ. ಆದ್ದರಿಂದಲೇ ವೈದ್ಯರು ಕಂಕುಳನ್ನೂ ಮುಟ್ಟಿ ಪರೀಕ್ಷಿಸುತ್ತಾರೆ.

ಬಾಣಂತಿಯರ ಉರಿಯೂತ

ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಸ್ತನದ ಉರಿಯೂತ ಹೆಚ್ಚು. ಹಾಲು ನಿಂತು ನಾಳಗಳ ಸುತ್ತ ಬಾವು ಬರುವುದು ಮೊದಲ ಹಂತ. ಬಿರುಕುಬಿಟ್ಟ ತೊಟ್ಟಿನ ಮೂಲಕ ಸ್ಟೆಫೈಲೊಕಾಕಸ್‌ನಂತಹ ಬ್ಯಾಕ್ಟೀರಿಯಾ ಸೇರಿದರೆ ಸೋಂಕಾಗುತ್ತದೆ. ನಿರ್ಲಕ್ಷಿಸಿದರೆ ಕೀವು ತುಂಬುತ್ತದೆ.

ಇಂತಹ ಸಮಯದಲ್ಲಿ ಮಗುವಿಗೆ ಹಾಲು ಬಿಡಿಸಬೇಕೆಂಬ ನಂಬಿಕೆ ತಪ್ಪು. ಆ ಹಾಲಿನಿಂದ ಆರೋಗ್ಯವಂತ ಮಗುವಿಗೆ ತೊಂದರೆಯಿಲ್ಲ. ದಿಢೀರನೆ ನಿಲ್ಲಿಸಿದರೆ ಬಾವು ಹೆಚ್ಚುತ್ತದೆ. ಎದೆಯನ್ನು ಒತ್ತಿ ತಿಕ್ಕುವುದೂ ಸಲ್ಲದು. ಬಲವಾಗಿ ಮಾಲೀಸು ಮಾಡಬಾರದು, ಪದೇ ಪದೇ ಹಾಲು ಹಿಂಡಿ ತೆಗೆಯಬಾರದು ಎಂದು 2022ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಮಗು ಕೇಳಿದಾಗ ಹಾಲುಣಿಸುವುದು, ತಣ್ಣನೆಯ ಬಟ್ಟೆ ಇಡುವುದು, ವೈದ್ಯರು ಹೇಳಿದ ನೋವಿನ ಮಾತ್ರೆ ಸೇವಿಸುವುದು ಸೂಕ್ತ. ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಜ್ವರ ಏರುತ್ತಿದ್ದರೆ ತಕ್ಷಣ ವೈದ್ಯರನ್ನು ಕಾಣಬೇಕು. ಕೀವಾಗಿದ್ದರೆ ಇಂದು ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದಲೇ ತೆಗೆಯುವುದು ಸಾಧ್ಯ, ಎಲ್ಲರಿಗೂ ಕೊಯ್ಯಬೇಕಾಗಿಲ್ಲ.

ಹಾಲುಣಿಸದವರಲ್ಲಿ

ತೊಟ್ಟಿನ ಹಿಂದಿನ ನಾಳಗಳ ಉರಿಯೂತಕ್ಕೆ ಧೂಮಪಾನದ ನಂಟಿದೆ. ಇನ್ನೊಂದು ಬಗೆ ಗ್ರ್ಯಾನ್ಯುಲೋಮಾ ಉರಿಯೂತ. ಮಕ್ಕಳನ್ನು ಹೆತ್ತ ಕಿರಿಯ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ಇದು ಗಡ್ಡೆಯಂತೆಯೇ ತೋರಿ ಕ್ಯಾನ್ಸರಿನ ಭಯ ಹುಟ್ಟಿಸುತ್ತದೆ. ನಮ್ಮ ದೇಶದಲ್ಲಿ ಕ್ಷಯವೂ ಅಪರೂಪಕ್ಕೆ ಸ್ತನವನ್ನು ಬಾಧಿಸುವುದುಂಟು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಇವೆಲ್ಲಕ್ಕಿಂತ ಗಂಭೀರವಾದುದು ಉರಿಯೂತದ ರೂಪದ ಸ್ತನ ಕ್ಯಾನ್ಸರ್. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇಕಡ 1ರಿಂದ 5 ಮಾತ್ರ. ಆದರೆ ವೇಗವಾಗಿ ಹರಡುತ್ತದೆ. ಕ್ಯಾನ್ಸರ್ ಕೋಶಗಳು ಚರ್ಮದ ದುಗ್ಧನಾಳಗಳನ್ನು ಮುಚ್ಚುವುದರಿಂದ ಎದೆ ಊದಿ, ಕೆಂಪೇರಿ, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬೀಳುತ್ತದೆ. ಗಡ್ಡೆ ಕೈಗೆ ಸಿಗದಿರಬಹುದು. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಾಣಂತಿಯರಲ್ಲಿಯೂ ಇದು ಬರಬಹುದು.

ಎಲ್ಲಿಗೆ ಹೋಗಬೇಕು?

ಗುಬ್ಬಿ, ಕುಣಿಗಲ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಕ್ಯಾನ್ಸರಿನ ಶಂಕೆಯಿದ್ದರೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. ಆಂಟಿಬಯೋಟಿಕ್ ತೆಗೆದುಕೊಂಡು ಒಂದೆರಡು ವಾರವಾದರೂ ಕೆಂಪು ಇಳಿಯದಿದ್ದರೆ ಮತ್ತೊಂದು ಬಗೆಯ ಮಾತ್ರೆಗೆ ಕಾಯದೆ ಸ್ಕ್ಯಾನಿಂಗ್ ಮತ್ತು ಬಯಾಪ್ಸಿ ಬಗ್ಗೆ ವೈದ್ಯರನ್ನು ಕೇಳಬೇಕು.

ಪುರುಷ ವೈದ್ಯರಿಗೆ ತೋರಿಸಲು ಸಂಕೋಚವಾದರೆ ಮಹಿಳಾ ವೈದ್ಯರನ್ನು ಕೋರಬಹುದು. ಪರೀಕ್ಷೆಯ ವೇಳೆ ನರ್ಸ್ ಅಥವಾ ಮನೆಯ ಹೆಂಗಸರು ಜೊತೆಗಿರಬಹುದು. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ದಾರಿ ಸಿಗುತ್ತದೆ. ಸಂಕೋಚದಿಂದ ಮುಚ್ಚಿಟ್ಟ ವಾರಗಳು ಮಾತ್ರ ಮರಳಿ ಸಿಗುವುದಿಲ್ಲ.