ತನ್ನವರಿಗೆ ಕಹಿ ಹೇಳಿ, ತನ್ನವರ ಜೊತೆಗೇ ಉಳಿದ ನಾಯಕ

ಕೆಲವು ವಾರಗಳ ಹಿಂದೆ ಜುಮುಆ ಖುತುಬಾದಲ್ಲಿ ನಾವು ನಾಯಕತ್ವದ ಕುರಿತು ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಹತ್ತಿರ ಬಂದ. "ಉಸ್ತಾದ್, ನೀವು ಹೇಳಿದ್ದೆಲ್ಲ ಸಹಾಬಿಗಳ ಕಾಲದ್ದು. ನಮ್ಮ ದೇಶದಲ್ಲಿ, ನಮ್ಮ ಕಾಲಕ್ಕೆ ಹತ್ತಿರದಲ್ಲಿ ಅಂಥವರು ಯಾರೂ ಇರಲಿಲ್ಲವೇ?" ಎಂದು ಕೇಳಿದ. ಮೌಲಾನಾ ಅಬುಲ್ ಕಲಾಂ ಆಝಾದ್ ಎಂದು ನಾವು ಹೇಳಿದೆವು. "ಅವರ ಹೆಸರಿನ ಸರಕಾರಿ ಶಾಲೆ ಇದೆಯಲ್ಲ!" ಎಂದ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರಲಿಲ್ಲ. ತಪ್ಪು ಹುಡುಗನದ್ದಲ್ಲ. ಮಿಂಬರ್ ಮೇಲೆ ನಿಲ್ಲುವ ನಾವು ಹೇಳಿಲ್ಲ, ಅವನು ಕೇಳಿಲ್ಲ. ಆ ಬಾಕಿಯನ್ನು ತೀರಿಸಲು ಈ ಬರಹ.

ಆ ದಿನದ ಖುತುಬಾದಲ್ಲಿ ನಾವು ಸೂರಃ ಅಲ್ ಕಸಸ್‌ನ ಒಂದು ಪ್ರಸಂಗವನ್ನು ನೆನಪಿಸಿದ್ದೆವು. ಮದ್ಯನಿನ ಆ ಹಿರಿಯರ ಮಗಳು ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಹೇಳುವಾಗ ಎರಡು ಗುಣಗಳನ್ನು ಎತ್ತಿ ಹೇಳುತ್ತಾಳೆ. ಒಂದು 'ಖವಿಯ್', ಅಂದರೆ ಶಕ್ತನಾದವನು. ಇನ್ನೊಂದು 'ಅಮೀನ್', ಅಂದರೆ ನಂಬಿಗಸ್ತ. ಕುರಿ ಕಾಯುವವನಿಗೇ ಈ ಎರಡು ಬೇಕಾದರೆ ಜನರನ್ನು ಕಾಯುವವನಿಗೆ ಎಷ್ಟು ಬೇಕು! ಶಕ್ತಿ ಇದ್ದು ನಂಬಿಕೆ ಇಲ್ಲದವನು ದಬ್ಬಾಳಿಕೆಗಾರನಾಗುತ್ತಾನೆ. ನಂಬಿಕೆ ಇದ್ದು ಶಕ್ತಿ ಇಲ್ಲದವನು ಒಳ್ಳೆಯ ಮನುಷ್ಯ, ಆದರೆ ಕಷ್ಟಕಾಲದಲ್ಲಿ ಜನರನ್ನು ದಾಟಿಸಲಾರ. ಈ ಎರಡು ಗುಣಗಳನ್ನು ಮುಂದಿಟ್ಟುಕೊಂಡು ಆಝಾದರ ಬದುಕನ್ನು ನೋಡೋಣ.

ಪತ್ರಿಕೆ ಮತ್ತು ಗಡಿಪಾರು

ಅವರು ಹುಟ್ಟಿದ್ದು 1888ರ ನವೆಂಬರ್ 11ರಂದು, ಪವಿತ್ರ ಮಕ್ಕಾದಲ್ಲಿ. ತಂದೆ ಮೌಲಾನಾ ಖೈರುದ್ದೀನ್ ಹೆಸರಾಂತ ವಿದ್ವಾಂಸರು, ತಾಯಿ ಅರಬ್ ಮನೆತನದವರು. ಬಾಲ್ಯದಲ್ಲಿಯೇ ಕುಟುಂಬ ಕಲ್ಕತ್ತಾಕ್ಕೆ ಬಂದು ನೆಲೆಸಿತು. ಶಾಲೆಯ ಮೆಟ್ಟಿಲು ಹತ್ತದೆ, ಮನೆಯಲ್ಲಿಯೇ ಅರಬಿ, ಫಾರಸಿ ಮತ್ತು ದೀನೀ ವಿದ್ಯೆಗಳನ್ನು ಕಲಿತರು. ಇಂಗ್ಲಿಷನ್ನು ತಾವಾಗಿಯೇ ರೂಢಿಸಿಕೊಂಡರು. ತಂದೆಗೆ ಸಾವಿರಾರು ಮುರೀದರಿದ್ದರು. ಆ ಗದ್ದುಗೆಯಲ್ಲಿ ಕುಳಿತಿದ್ದರೆ ಜೀವನವಿಡೀ ಜನ ಕೈ ಮುತ್ತಿಕ್ಕುತ್ತಿದ್ದರು. ಅವರು ಆ ದಾರಿಯನ್ನು ಬಿಟ್ಟು 'ಆಝಾದ್' ಎಂಬ ಕಾವ್ಯನಾಮ ಇಟ್ಟುಕೊಂಡರು. ಸ್ವತಂತ್ರ ಎಂಬುದು ಅದರ ಅರ್ಥ.

1912ರ ಜುಲೈಯಲ್ಲಿ ಕಲ್ಕತ್ತಾದಿಂದ 'ಅಲ್ ಹಿಲಾಲ್' ಎಂಬ ಉರ್ದು ವಾರಪತ್ರಿಕೆ ಹೊರಟಿತು. ಆಗ ಆಝಾದರಿಗೆ 23 ವರ್ಷ. ಆ ಕಾಲದ ಮುಸ್ಲಿಂ ಮುಖಂಡರಲ್ಲಿ ಅನೇಕರು, ಬ್ರಿಟಿಷರಿಗೆ ನಿಷ್ಠರಾಗಿದ್ದರೆ ಸಮುದಾಯ ಕ್ಷೇಮವಾಗಿರುತ್ತದೆ ಎಂದು ನಂಬಿದ್ದರು. ಈ ಯುವಕ ನೇರವಾಗಿ ಅದನ್ನೇ ಪ್ರಶ್ನಿಸಿದರು. ದೇಶದ ಇತರರೊಂದಿಗೆ ಕೂಡಿ ಸ್ವಾತಂತ್ರ್ಯಕ್ಕಾಗಿ ನಿಲ್ಲುವುದು ದೀನಿಗೆ ವಿರುದ್ಧವಲ್ಲ, ದೀನ್ ಕೇಳುವುದೇ ಅದನ್ನು ಎಂದು ವಾರವಾರವೂ ಬರೆದರು. ಸರಕಾರ ಠೇವಣಿ ಕೇಳಿತು, ಅದನ್ನು ಮುಟ್ಟುಗೋಲು ಹಾಕಿಕೊಂಡಿತು, ಇನ್ನೂ ದೊಡ್ಡ ಠೇವಣಿ ಕೇಳಿತು. 1914ರ ಕೊನೆಗೆ ಪತ್ರಿಕೆ ನಿಂತಿತು. ಮರುವರ್ಷ 'ಅಲ್ ಬಲಾಗ್' ಎಂಬ ಇನ್ನೊಂದು ಪತ್ರಿಕೆ ತೆರೆದರು. 1916ರಲ್ಲಿ ಅವರನ್ನು ಬಂಗಾಳದಿಂದಲೇ ಹೊರಗೆ ಹಾಕಿದರು.

ಹೋಗಿ ನಿಂತದ್ದು ರಾಂಚಿಯಲ್ಲಿ. ಅಲ್ಲಿ 1919ರ ಕೊನೆಯವರೆಗೂ ನಿರ್ಬಂಧ. ಪೊಲೀಸರು ಮನೆ ಶೋಧಿಸಿ ಕೈಬರಹದ ಪ್ರತಿಗಳನ್ನು ಹೊತ್ತೊಯ್ದರು. ಕುರ್‌ಆನ್ ಅನುವಾದದ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಆದರೂ ಅವರು ಅಲ್ಲಿನ ಜಾಮಿಯಾ ಮಸೀದಿಯಲ್ಲಿ ಜುಮುಆ ಪ್ರವಚನ ನೀಡಿದರು, ಒಂದು ಮದರಸ ಕಟ್ಟಿದರು. ಅವರ ಮಾತು ಕೇಳಲು ಹಿಂದೂ ಬಾಂಧವರೂ ಮಸೀದಿಗೆ ಬರುತ್ತಿದ್ದರು. ನಮ್ಮಂಥ ಇಮಾಮರು ಇದನ್ನು ಗಮನಿಸಬೇಕು. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಮನುಷ್ಯನ ಬಳಿ ಉಳಿಯುವ ಕೆಲಸವೊಂದು ಇರುತ್ತದೆ. ಅವರು ಅದನ್ನು ಮಾಡಿದರು.

ಚಪ್ಪಾಳೆಗೆ ಕಾಯದ ಮಾತು

1923ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ವಿಶೇಷ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದಾಗ ವಯಸ್ಸು 35 ತುಂಬಿರಲಿಲ್ಲ. ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಉತ್ಸಾಹ ಇಳಿದು ಅಲ್ಲಲ್ಲಿ ಕೋಮುಗಲಭೆಗಳು ತಲೆಯೆತ್ತಿದ್ದ ಕಾಲ ಅದು. ಆ ವೇದಿಕೆಯಲ್ಲಿ ಅವರು ಹೇಳಿದ ಮಾತಿನ ಸಾರ ಇಷ್ಟು: ಆಕಾಶದಿಂದ ದೇವದೂತನೊಬ್ಬ ಇಳಿದು ಕುತುಬ್ ಮಿನಾರ್ ಮೇಲೆ ನಿಂತು, ಹಿಂದೂ ಮುಸ್ಲಿಂ ಐಕ್ಯವನ್ನು ಬಿಟ್ಟುಬಿಟ್ಟರೆ ಒಂದೇ ದಿನದಲ್ಲಿ ಸ್ವರಾಜ್ಯ ಸಿಗುತ್ತದೆ ಎಂದರೂ ತಾನು ಅದನ್ನು ಒಪ್ಪಲಾರೆ, ಸ್ವರಾಜ್ಯ ತಡವಾದರೆ ನಷ್ಟ ಭಾರತಕ್ಕೆ, ಐಕ್ಯ ಹೋದರೆ ನಷ್ಟ ಇಡೀ ಮಾನವಕುಲಕ್ಕೆ. ಸ್ವರಾಜ್ಯಕ್ಕಾಗಿಯೇ ಜೈಲಿಗೆ ಹೋಗಿ ಬಂದ ಜನರ ಮುಂದೆ ಸ್ವರಾಜ್ಯಕ್ಕಿಂತ ದೊಡ್ಡದೊಂದಿದೆ ಎಂದು ಹೇಳುವುದು ಸುಲಭವಲ್ಲ.

1940ರ ಮಾರ್ಚ್‌ನಲ್ಲಿ ರಾಮಗಢದಲ್ಲಿ ಮತ್ತೆ ಅಧ್ಯಕ್ಷರಾದರು. ತಾನು ಮುಸಲ್ಮಾನ, 1300 ವರ್ಷಗಳ ಇಸ್ಲಾಮೀ ಪರಂಪರೆಯ ಒಂದಂಶವನ್ನೂ ಬಿಟ್ಟುಕೊಡಲಾರೆ ಎಂದರು. ಅದೇ ಉಸಿರಿನಲ್ಲಿ ತಾನು ಭಾರತೀಯ, ಈ ದೇಶವೆಂಬ ಅಖಂಡ ಕಟ್ಟಡದಲ್ಲಿ ತಾನಿಲ್ಲದೆ ಪೂರ್ತಿಯಾಗದ ಒಂದು ಭಾಗ ಎಂದರು. ಅದೇ ತಿಂಗಳಲ್ಲಿ ಲಾಹೋರಿನಲ್ಲಿ ಮುಸ್ಲಿಂ ಲೀಗ್ ಪ್ರತ್ಯೇಕತೆಯ ನಿರ್ಣಯ ಅಂಗೀಕರಿಸಿತು. ಅಲ್ಲಿಂದ ಮುಂದೆ ಸ್ವಂತ ಸಮುದಾಯದ ದೊಡ್ಡ ಭಾಗ ಅವರಿಂದ ದೂರ ಸರಿಯಿತು. ಕಾಂಗ್ರೆಸ್ ತೋರಿಕೆಗೆ ನಿಲ್ಲಿಸಿದ ಗೊಂಬೆ ಎಂಬ ಅರ್ಥದ ತಂತಿ ಸಂದೇಶವನ್ನು ಜಿನ್ನಾ ಅವರಿಗೇ ಕಳುಹಿಸಿದರು. ಪರಕೀಯರ ಬೈಗುಳವನ್ನು ಸಹಿಸಬಹುದು. ತನ್ನವರೇ ಬೆನ್ನು ತಿರುಗಿಸಿದಾಗ ನಿಂತಲ್ಲಿ ನಿಲ್ಲಲು ಬೇಕಾದದ್ದೇ ಆ 'ಖುವ್ವತ್'.

ಅಹ್ಮದ್‌ನಗರ ಕೋಟೆ

1942ರ ಆಗಸ್ಟ್ 8ರಂದು ಮುಂಬೈಯಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯ ಅಂಗೀಕಾರವಾದಾಗ ಅಧ್ಯಕ್ಷ ಪೀಠದಲ್ಲಿ ಇದ್ದವರು ಆಝಾದರು. ಮರುದಿನ ಬೆಳಗಾಗುವ ಮೊದಲೇ ಬಂಧನ. ನೆಹರೂ, ಪಟೇಲ್ ಮುಂತಾದವರೊಂದಿಗೆ ಅಹ್ಮದ್‌ನಗರದ ಕೋಟೆಗೆ ಒಯ್ದರು. ಅದಕ್ಕೂ ಕೆಲವು ದಿನಗಳ ಮೊದಲು ಕಲ್ಕತ್ತಾದ ಮನೆಯಿಂದ ಹೊರಡುವಾಗ ಪತ್ನಿ ಝುಲೈಖಾ ಬೇಗಂ ಬಾಗಿಲವರೆಗೆ ಬಂದು ಬೀಳ್ಕೊಟ್ಟಿದ್ದರು.

1943ರ ಆರಂಭದಲ್ಲಿ ಆಕೆಯ ಕಾಯಿಲೆ ಉಲ್ಬಣಿಸಿದ ಸುದ್ದಿ ಕೋಟೆಗೆ ತಲುಪಿತು. ಏನಾದರೂ ಮನವಿ ಇದ್ದರೆ ತಕ್ಷಣ ಸರಕಾರಕ್ಕೆ ಕಳುಹಿಸುವೆ ಎಂದು ಜೈಲಿನ ಅಧಿಕಾರಿ ಸೂಚನೆ ಕೊಟ್ಟರು. ತಾನು ಸರಕಾರವನ್ನು ಏನೂ ಕೇಳುವುದಿಲ್ಲ ಎಂದರು ಆಝಾದ್. ನೆಹರೂ ಕೂಡ ಮಾತನಾಡಿ ನೋಡಿದರು. ಉತ್ತರ ಅದೇ. ಏಪ್ರಿಲ್ 9ರಂದು ಝುಲೈಖಾ ಬೇಗಂ ತೀರಿಕೊಂಡರು. ಪತಿಯ ಮುಖ ಕಾಣಲಿಲ್ಲ.

ಈ ಘಟನೆಯನ್ನು ಅವರ ಪತ್ರಗಳ ಸಂಗ್ರಹ 'ಗುಬಾರೆ ಖಾತಿರ್'ನಲ್ಲಿ ಓದಿದಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ಅವರ ದೃಢತೆಗಿಂತ ಹೆಚ್ಚಾಗಿ ಅವರ ಪ್ರಾಮಾಣಿಕತೆ. ಪತ್ರಿಕೆ ತರುವವರ ಹೆಜ್ಜೆ ಸಪ್ಪಳ ಕೇಳಿದೊಡನೆ ಎದೆ ಬಡಿದುಕೊಳ್ಳುತ್ತಿತ್ತು, ಆದರೂ ಏನೂ ಅವಸರವಿಲ್ಲದವರಂತೆ ನಟಿಸುತ್ತಿದ್ದೆ, ಅದರಲ್ಲಿ ಅಹಂಕಾರದ ಪಾಲೂ ಇತ್ತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ತನ್ನ ಸಬ್ರ್ ಅನ್ನು ತಾನೇ ತೂಗಿ ನೋಡಿ ಅದರಲ್ಲಿ ಬೆರಕೆ ಇದೆ ಎಂದು ಬರೆಯುವ ನಾಯಕರು ಎಷ್ಟು ಮಂದಿ ಸಿಕ್ಕಾರು?

ಅವರು ಮಾಡಿದ್ದು ಸರಿಯೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಪತ್ನಿಯ ಹಕ್ಕು ದೊಡ್ಡದು. ಆ ಮಂಚದ ಕಡೆಯಿಂದ ನೋಡಿದರೆ ಪ್ರಶ್ನೆ ಸುಲಭವಲ್ಲ. ಆದರೆ ಆ ದಿನಗಳಲ್ಲಿ ದೇಶದ ಜೈಲುಗಳಲ್ಲಿ ಸಾವಿರಾರು ಸಾಮಾನ್ಯ ಕೈದಿಗಳಿದ್ದರು. ಅವರ ಮನೆಗಳಲ್ಲೂ ಕಾಯಿಲೆ ಇತ್ತು, ಸಾವು ಇತ್ತು. ಅಧ್ಯಕ್ಷನಾದವನು ತನಗಾಗಿ ಮಾತ್ರ ಒಂದು ಬಾಗಿಲು ತೆರೆಸಿಕೊಂಡರೆ ಅವರ ಮುಖ ಹೇಗೆ ನೋಡುವುದು? ನಂಬಿಕೆಯ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ, ಆಕೆಯೂ ತೆತ್ತರು. ಇದನ್ನು ನೆನೆಯುವಾಗ ಆಕೆಯ ಹೆಸರನ್ನೂ ನೆನೆಯಬೇಕು.

1945ರ ಜೂನ್‌ನಲ್ಲಿ ಬಿಡುಗಡೆಯಾಗಿ ಕಲ್ಕತ್ತಾಕ್ಕೆ ಬಂದಾಗ ನಿಲ್ದಾಣದಲ್ಲಿ ಜನಸಾಗರ, ಬ್ಯಾಂಡು, ಹಾರಗಳು. ಅವರು ಬ್ಯಾಂಡನ್ನು ನಿಲ್ಲಿಸಿದರು. ಮನೆಗೆ ಹೋಗುವ ಮೊದಲು ಗೋರಿಯ ಬಳಿಗೆ ಹೋಗಿ, ಕಾರಿನಲ್ಲಿ ತುಂಬಿದ್ದ ಹಾರಗಳಲ್ಲಿ ಒಂದನ್ನು ಅಲ್ಲಿಟ್ಟು ಫಾತಿಹಾ ಓದಿದರು.

ಜಾಮಿಯಾ ಮಸೀದಿಯ ಮೆಟ್ಟಿಲು

1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆ ಬಂತು. ಅವರು ಎಚ್ಚರಿಸಿದ್ದೆಲ್ಲ ಕಣ್ಣೆದುರೇ ನಡೆಯಿತು. ದೆಹಲಿಯಲ್ಲಿ ರಕ್ತ ಹರಿಯಿತು. ಮನೆ ಕಳೆದುಕೊಂಡ ಮುಸಲ್ಮಾನರು ಪುರಾನಾ ಖಿಲಾ ಮತ್ತು ಹುಮಾಯೂನ್ ಸಮಾಧಿಯ ಅಂಗಳಗಳಲ್ಲಿ ತುಂಬಿಕೊಂಡರು. ಮಂತ್ರಿ ಆಝಾದರ ಮನೆಯ ಕೋಣೆಗಳು ಆಶ್ರಯ ಬೇಡಿದವರಿಂದ ತುಂಬಿದವು. ಅಂಗಳದಲ್ಲಿಯೂ ಡೇರೆ ಹಾಕಿಸಿದರು.

ಅಕ್ಟೋಬರ್‌ನಲ್ಲಿ, ಬಕ್ರೀದ್ ಹೊತ್ತಿಗೆ, ಅವರು ದೆಹಲಿಯ ಜಾಮಿಯಾ ಮಸೀದಿಯಲ್ಲಿ ಜನರೆದುರು ನಿಂತರು. ಎದುರಿಗಿದ್ದವರಲ್ಲಿ ಅನೇಕರು ಗಂಟುಮೂಟೆ ಕಟ್ಟಿ ಹೊರಡಲು ಸಿದ್ಧರಾಗಿದ್ದವರು. ನಿನ್ನೆಯವರೆಗೆ ಅವರನ್ನು ಹೀಯಾಳಿಸಿದವರೂ ಅಲ್ಲಿದ್ದರು. 'ನಾನು ಅಂದೇ ಹೇಳಿರಲಿಲ್ಲವೇ' ಎಂದು ಹೇಳಿ ಇಳಿದುಹೋಗುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ ಇತ್ತು. ಅವರು ಹೇಳಿಯೂ ಹೇಳಿದರು. ತನ್ನ ಮಾತನ್ನು ಕೇಳದೆ ತನ್ನ ನಾಲಿಗೆಯನ್ನೇ ಕತ್ತರಿಸಿದಿರಿ ಎಂಬ ನೋವನ್ನು ಮುಚ್ಚಿಡಲಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಎಲ್ಲಿಗೆ ಹೋಗುತ್ತೀರಿ, ಏಕೆ ಹೋಗುತ್ತೀರಿ ಎಂದು ಕೇಳಿದರು. ಈ ಮಸೀದಿಯ ಮಿನಾರುಗಳು ನಿಮ್ಮನ್ನು ಕೇಳುತ್ತಿವೆ, ಯಮುನೆಯ ದಡದಲ್ಲಿ ನಿಮ್ಮ ಹಿರಿಯರು ವುಝೂ ಮಾಡಿದ್ದರು ಎಂದು ನೆನಪಿಸಿದರು. ಹೊಸ ಅಧಿಕಾರದ ಮುಂದೆ ನಿಷ್ಠೆಯ ಪ್ರಮಾಣಪತ್ರ ಬೇಡುತ್ತ ನಿಲ್ಲಬೇಡಿ, ಈ ದೇಶ ನಿಮ್ಮದು, ಇದರ ನಿರ್ಧಾರಗಳಲ್ಲಿ ನಿಮ್ಮ ದನಿ ಇರಬೇಕು ಎಂದರು.

ಇಲ್ಲಿದೆ ನಾವು ಹುಡುಗನಿಗೆ ಹೇಳಬೇಕಾದ ಉತ್ತರ. ತನ್ನವರನ್ನು ಹೊಗಳಿ ಮೇಲೆ ಬಂದವನು ಅವರು ಬಿದ್ದಾಗ ಕೈಬಿಡುತ್ತಾನೆ. ತನ್ನವರಿಗೆ ಸತ್ಯ ಹೇಳಿ, ಅವರಿಂದಲೇ ತಿರಸ್ಕೃತನಾಗಿ, ಅವರು ಬಿದ್ದ ದಿನ ಬಾಗಿಲು ತೆರೆದವನು ನಾಯಕ. ಸತ್ಯ ಹೇಳಲು ಖುವ್ವತ್ ಬೇಕು, ಬಾಗಿಲು ತೆರೆಯಲು ಅಮಾನತ್ ಬೇಕು.

ಕೊನೆಯ ವರ್ಷಗಳು

ಆಝಾದರು ತಪ್ಪೇ ಮಾಡದವರಲ್ಲ. 1946ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟು ನೆಹರೂ ಹೆಸರನ್ನು ಸೂಚಿಸಿದ್ದು ತನ್ನ ರಾಜಕೀಯ ಜೀವನದ ದೊಡ್ಡ ತಪ್ಪಾಗಿರಬಹುದು ಎಂದು ಆತ್ಮಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅದು ನಿಜಕ್ಕೂ ತಪ್ಪೋ ಎಂದು ಇತಿಹಾಸಕಾರರು ಚರ್ಚಿಸಲಿ. ತಪ್ಪನ್ನು ಇನ್ನೊಬ್ಬರ ತಲೆಗೆ ಮಾತ್ರ ಕಟ್ಟದ ಆ ಗುಣ ನಮಗೆ ಬೇಕು.

1958ರ ಫೆಬ್ರವರಿ 22ರಂದು ತೀರಿಕೊಳ್ಳುವವರೆಗೂ ಅವರು ದೇಶದ ಶಿಕ್ಷಣ ಸಚಿವರು. ಖರಗ್‌ಪುರದ ಮೊದಲ ಐಐಟಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಸಾಹಿತ್ಯ ಅಕಾಡೆಮಿ ಇವೆಲ್ಲ ಆ ಅವಧಿಯವು. ಶಾಲೆಗೆ ಹೋಗದವರು ದೇಶಕ್ಕೆಲ್ಲ ಶಾಲೆಯ ಬಾಗಿಲು ತೆರೆದರು. ಅವರ ಹುಟ್ಟುದಿನವನ್ನು ಈಗ ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸುತ್ತಾರೆ. ಗೋರಿ ದೆಹಲಿಯಲ್ಲಿ, ಅದೇ ಜಾಮಿಯಾ ಮಸೀದಿಯ ಎದುರು.

ಪ್ರಿಯ ಸಹೋದರ ಸಹೋದರಿಯರೇ, ಇದನ್ನು ಬರೆಯುವಾಗ ನಮಗೆ ನಮ್ಮದೇ ಲೆಕ್ಕ ನೆನಪಾಯಿತು. ದುಂದು ಮದುವೆ, ವರದಕ್ಷಿಣೆಯ ಕುರಿತು ಗಟ್ಟಿಯಾಗಿ ಹೇಳಬೇಕೆಂದು ಖುತುಬಾ ಸಿದ್ಧಮಾಡಿಕೊಂಡು, ಮುಂದಿನ ಸಫ್‌ನಲ್ಲಿ ಕುಳಿತವರ ಮುಖ ನೋಡಿ ಮಾತನ್ನು ಮೆದುಮಾಡಿದ ಶುಕ್ರವಾರಗಳು ನಮ್ಮ ಜೀವನದಲ್ಲಿವೆ. ಯಾರೂ ನಮ್ಮನ್ನು ಗಡಿಪಾರು ಮಾಡುತ್ತಿರಲಿಲ್ಲ. ಹೆಚ್ಚೆಂದರೆ ಒಬ್ಬಿಬ್ಬರು ಸಲಾಂ ಹೇಳದೆ ಹೋಗುತ್ತಿದ್ದರು. ಅಷ್ಟಕ್ಕೇ ನಾವು ಹೆದರಿದೆವು. ಹೊಗಳುವವರನ್ನೇ ನಾಯಕರೆಂದು ಆರಿಸುವ ಜನ, ಹೊಗಳಿಕೆಗೇ ಮಾತಾಡುವ ಇಮಾಮ್, ಇಬ್ಬರೂ ಒಂದೇ ಕಾಯಿಲೆಯ ರೋಗಿಗಳು.

ಮುಂದಿನ ಬಾರಿ ಯಾರಾದರೂ ನಿಮ್ಮ ಮುಂದೆ ಬಂದು ನಾಯಕನೆಂದು ನಿಂತರೆ ಎರಡು ಪ್ರಶ್ನೆ ಕೇಳಿ. ಇವರು ನಮಗೆ ಹಿಡಿಸದ ಸತ್ಯವೊಂದನ್ನು ಎಂದಾದರೂ ಹೇಳಿದ್ದಾರೆಯೇ? ನಮ್ಮ ಕೆಟ್ಟ ದಿನ ಇವರ ಮನೆಯ ಬಾಗಿಲು ತೆರೆದಿತ್ತೇ? ಆ ಪ್ರಶ್ನೆಗಳನ್ನು ನಮಗೂ ಕೇಳಿ. ಸತ್ಯ ಹೇಳುವ ಶಕ್ತಿಯನ್ನೂ ಅದನ್ನು ಕೇಳುವ ಸಹನೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.