ಹೋಬಳಿಯಿಂದ ಕಂಡ ವಿಶ್ವವಿದ್ಯಾಲಯ: ಚೇಳೂರು ಸೀಮೆಯ ಸಂಶೋಧನೆಯ ಚರಿತ್ರೆ

ವಿಶ್ವವಿದ್ಯಾಲಯವೊಂದರ ಸಂಶೋಧನೆಯ ವ್ಯಾಪ್ತಿಯನ್ನು ಅದರ ವಿಭಾಗಗಳ ಸಂಖ್ಯೆಯಿಂದ, ಸಲ್ಲಿಕೆಯಾದ ಮಹಾಪ್ರಬಂಧಗಳ ಪಟ್ಟಿಯಿಂದ ಅಳೆಯುವುದು ರೂಢಿ. ಅಧ್ಯಯನಕ್ಕೆ ಒಳಗಾದ ನೆಲದ ಕಡೆಯಿಂದ ನೋಡಿದರೆ ಕಾಣುವ ಚಿತ್ರ ಬೇರೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರು ಹೋಬಳಿ ಹಾಗೂ ಅದರ ಆಸುಪಾಸಿನ ಸೀಮೆಯನ್ನು ಮುಂದಿಟ್ಟುಕೊಂಡು, ಅಧ್ಯಾಪಕರೂ ವಿದ್ಯಾರ್ಥಿಗಳೂ ನಡೆಸಿದ ಸಂಶೋಧನೆ ಇಂಥ ನೆಲದಿಂದ ಪಡೆದುದೇನು, ಅದಕ್ಕೆ ಮರಳಿಸಿದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಸೀಮೆಯ ವ್ಯವಸ್ಥಿತ ಅಧ್ಯಯನ ವಿಶ್ವವಿದ್ಯಾಲಯಗಳಿಗಿಂತ ಹಳೆಯದು. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಇದೇ ತಾಲ್ಲೂಕಿನ ಕಡಬದಲ್ಲಿ ದೊರೆತ, ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರಿನ ತಾಮ್ರಶಾಸನ ವಿದ್ವಾಂಸರ ಚರ್ಚೆಗೆ ಒಳಗಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಪರಂಪರೆ ಅಧ್ಯಾಪನದೊಡನೆ ಕೂಡಿಕೊಂಡಿತು. ಎಂ.ಎಚ್. ಕೃಷ್ಣ ಅವರು ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದುದು ಇದಕ್ಕೆ ನಿದರ್ಶನ. ಆದರೆ ಈ ಘಟ್ಟದ ಸಂಶೋಧನೆಗೆ ಆಕರವಾಗಿದ್ದುದು ಮುಖ್ಯವಾಗಿ ಕಲ್ಲು, ತಾಮ್ರ ಮತ್ತು ಓಲೆ. ಬರಹವಿಲ್ಲದವರ ಚರಿತ್ರೆಗೆ ಅಲ್ಲಿ ಎಡೆ ಕಡಿಮೆ.

ಆ ಎಡೆಯನ್ನು ತೆರೆದುದು ಜಾನಪದ ಅಧ್ಯಯನ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಿ.ಎಸ್. ಗದ್ದಗಿಮಠ ಅವರು 1950ರ ದಶಕದಲ್ಲಿ ಕನ್ನಡ ಜನಪದ ಗೀತೆಗಳನ್ನು ಕುರಿತು ಸಲ್ಲಿಸಿದ ಮಹಾಪ್ರಬಂಧ ಈ ಕ್ಷೇತ್ರದಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯ ಅವರ ಪರಿಶ್ರಮದಿಂದ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. 1970ರ ದಶಕದಲ್ಲಿ ಜಾನಪದ ಸ್ನಾತಕೋತ್ತರ ತರಗತಿಗಳು ಆರಂಭವಾದವು. ಇದರ ಫಲವಾಗಿ ಕ್ಷೇತ್ರಕಾರ್ಯವೆಂಬುದು ಅಧ್ಯಾಪಕರ ವೈಯಕ್ತಿಕ ಹವ್ಯಾಸವಾಗಿ ಉಳಿಯದೆ ವಿದ್ಯಾರ್ಥಿಯ ವ್ಯಾಸಂಗದ ಭಾಗವಾಯಿತು.

ಗುಬ್ಬಿ, ಶಿರಾ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗೊಲ್ಲರಹಟ್ಟಿಗಳು ವಿದ್ವತ್ತಿನ ಗಮನಕ್ಕೆ ಬಂದುದು ಈ ಹಿನ್ನೆಲೆಯಲ್ಲಿ. ಟಿ.ಎನ್. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಹಾಗೂ ನಂಬಿಕೆಗಳನ್ನು, ಮೀರಾಸಾಬಿಹಳ್ಳಿ ಶಿವಣ್ಣ ಅವರು ಆ ಕುಲದ ಬುಡಕಟ್ಟು ಸ್ವರೂಪವನ್ನು ವಿಸ್ತಾರವಾಗಿ ಅಭ್ಯಸಿಸಿದರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಗುಡ್ಡೆಯಲ್ಲಿ ಆರಾಧನೆಗೊಳ್ಳುವ ಪಶುಪಾಲಕ ವೀರ ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುವ ಪರಂಪರೆಯ ಕಡೆಗೆ ಚಲುವರಾಜು ಮೊದಲಾದವರು ನಾಡಿನ ಗಮನ ಸೆಳೆದರು. ನೆರೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ಪ್ರಕಟಿಸಿದಾಗ, ಅಕ್ಷರ ಕಲಿಯದ ಒಬ್ಬ ಹೆಣ್ಣುಮಗಳು ಸಾಹಿತ್ಯಚರಿತ್ರೆಯೊಳಗೆ ತನ್ನ ಹೆಸರಿನಿಂದಲೇ ಪ್ರವೇಶ ಪಡೆದಳು.

ಸಿರಿಯಜ್ಜಿಗೆ ದೊರೆತ ಈ ಮನ್ನಣೆ ಅಪವಾದವೇ ಹೊರತು ನಿಯಮವಲ್ಲ. ಸಾಮಾನ್ಯವಾಗಿ ಮಹಾಪ್ರಬಂಧದ ಮೊದಲ ಪುಟದಲ್ಲಿ ಸಂಶೋಧಕರ ಮತ್ತು ಮಾರ್ಗದರ್ಶಕರ ಹೆಸರುಗಳಿರುತ್ತವೆ. ರಾತ್ರಿಯೆಲ್ಲ ಹಾಡಿದ ವಕ್ತೃವಿನ ಹೆಸರು ಅನುಬಂಧದ ಒಂದು ಸಾಲಿನಲ್ಲಿ, ವಯಸ್ಸು ಮತ್ತು ಜಾತಿಯೊಡನೆ ಮುಗಿದುಹೋಗುತ್ತದೆ. ಈ ಸಂದರ್ಭದಲ್ಲಿ ಚೇಳೂರಿನದೇ ಒಂದು ನಿದರ್ಶನವನ್ನು ಹೋಲಿಸಿ ನೋಡಬಹುದು. ಇಲ್ಲಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸಿನ ಮರವನ್ನು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿ, ಮರ ನೆಟ್ಟವರ ಹೆಸರಿನಿಂದಲೇ ಆ ತಳಿಯನ್ನು ‘ಸಿದ್ದು’ ಎಂದು ಕರೆದರು. 2017ರಲ್ಲಿ ಆದ ಒಪ್ಪಂದದಂತೆ ಕಸಿಗಿಡಗಳ ಮಾರಾಟದಿಂದ ಬರುವ ಆದಾಯದಲ್ಲಿ ಹೆಚ್ಚಿನ ಪಾಲು ಆ ಕುಟುಂಬಕ್ಕೆ ಸಲ್ಲುತ್ತದೆ. ಮರವನ್ನು ಕಾಪಾಡಿದವರಿಗೆ ಹಕ್ಕಿದೆಯೆಂದು ಒಪ್ಪುವ ವಿದ್ವತ್ತು, ತಲೆಮಾರುಗಳಿಂದ ಕಾವ್ಯವನ್ನು ಕಾಪಾಡಿದವರ ಹಕ್ಕನ್ನು ಕುರಿತು ಇನ್ನೂ ಸ್ಪಷ್ಟವಾಗಿ ಮಾತನಾಡಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಪ್ರಶ್ನೆಯಿದೆ. ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಕಾಡುಗೊಲ್ಲರ ಕಟ್ಟಳೆ ಜಾನಪದ ವಿದ್ಯಾರ್ಥಿಗಳಿಗೆ ಹೊಸದಲ್ಲ. ‘ಸೂತಕದ ಆಚರಣೆ’ ಎಂಬ ಉಪಶೀರ್ಷಿಕೆಯಡಿ, ಮದುವೆ, ಹಬ್ಬ, ಕುಲದೈವಗಳ ಸಾಲಿನಲ್ಲಿಯೇ ಇಂಥ ಕಟ್ಟಳೆಗಳನ್ನು ವರ್ಣಿಸುವುದು ಶಾಸ್ತ್ರದ ಪದ್ಧತಿ. 2017ರಲ್ಲಿ ಶಾಸನಸಭೆಯ ಅಂಗೀಕಾರ ಪಡೆದು 2020ರಲ್ಲಿ ಜಾರಿಗೆ ಬಂದ ಅಮಾನವೀಯ ಪದ್ಧತಿಗಳ ನಿಷೇಧ ಕಾಯ್ದೆ ಇಂಥ ಹೊರಗಿಡುವಿಕೆಯನ್ನು ಅಪರಾಧವೆಂದು ಪರಿಗಣಿಸಿತು. ಹೀಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಮಳೆಗಾಲದ ಚಳಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ಅಸುನೀಗಿತು. ಸಂಶೋಧನೆ ಈ ಸಾವಿಗೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಕಾವ್ಯವನ್ನು ಕೇಳಲು ಹಟ್ಟಿಯ ಒಳಗೆ ಕುಳಿತ ವಿದ್ವತ್ತು ಹೊರಗೆ ಕುಳಿತವಳ ಮಾತನ್ನು ಎಷ್ಟು ಕೇಳಿಸಿಕೊಂಡಿದೆ ಎಂಬ ಪ್ರಶ್ನೆಯಿಂದ ಜಾನಪದ ವಿಭಾಗಗಳು ತಪ್ಪಿಸಿಕೊಳ್ಳುವಂತಿಲ್ಲ. ಈ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಗೆ ಕುಲಶಾಸ್ತ್ರೀಯ ಅಧ್ಯಯನವೇ ಆಧಾರವಾಗುವಾಗ, ಅದೇ ಅಧ್ಯಯನ ಹೆಣ್ಣಿನ ಆರೋಗ್ಯಕ್ಕೂ ಆಧಾರವಾಗಬಾರದೆಂದು ಹೇಳಲು ಬರುವುದಿಲ್ಲ.

2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ತುಮಕೂರು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದುದು ಈ ದೃಷ್ಟಿಯಿಂದ ಮಹತ್ವದ ಸಂಗತಿ. ಅದಕ್ಕೆ ಮುನ್ನ ಈ ಸೀಮೆ ದೂರದ ವಿಶ್ವವಿದ್ಯಾಲಯಗಳಿಗೆ ಕ್ಷೇತ್ರವಾಗಿತ್ತು. ಈಗ ಹಟ್ಟಿ ಹಳ್ಳಿಗಳ ಮಕ್ಕಳೇ ಬೆಳಿಗ್ಗೆ ಬಸ್ಸು ಹತ್ತಿ ತರಗತಿಗೆ ಹೋಗಿ ಸಂಜೆ ಮರಳಬಲ್ಲಷ್ಟು ಹತ್ತಿರದಲ್ಲಿ ಸಂಶೋಧನೆಯ ಕೇಂದ್ರವಿದೆ. ನಿನ್ನೆ ವಕ್ತೃವಾಗಿದ್ದವರ ಮೊಮ್ಮಗಳು ಇಂದು ಸಂಶೋಧಕಿಯಾಗಬಲ್ಲಳು. ಅಂಥವಳು ಕೇಳುವ ಪ್ರಶ್ನೆಗಳು ಕನ್ನಡ, ಇತಿಹಾಸ, ಸಮಾಜಕಾರ್ಯ, ಜೀವವಿಜ್ಞಾನ ಎಂಬ ವಿಭಾಗಗಳ ಗೋಡೆಗಳೊಳಗೆ ನಿಲ್ಲುವಂಥವಲ್ಲ. ಜುಂಜಪ್ಪನ ಕಾವ್ಯದ ಗೋಮಾಳಗಳು ಏನಾದವು ಎಂಬ ಪ್ರಶ್ನೆಗೆ ಸಾಹಿತ್ಯ, ಕಂದಾಯದ ಕಡತ, ಸಸ್ಯಶಾಸ್ತ್ರ ಮೂರೂ ಬೇಕು.

ಈ ಚರಿತ್ರೆಯಿಂದ ಕೆಲವು ಕರ್ತವ್ಯಗಳು ಹೊರಡುತ್ತವೆ. ಒಂದು ಹೋಬಳಿಯನ್ನು ಕುರಿತ ಮಹಾಪ್ರಬಂಧದ ಪ್ರತಿ ಆ ಹೋಬಳಿಯ ಗ್ರಂಥಾಲಯಕ್ಕೂ ಸಲ್ಲಬೇಕು. ಧ್ವನಿಮುದ್ರಣದ ಪ್ರತಿಯೊಂದು ಹಾಡಿದವರ ಮನೆಗೆ ಮರಳಬೇಕು. ವಕ್ತೃವಿನ ಹೆಸರು ಅನುಬಂಧದಿಂದ ಮುಖಪುಟದ ಕಡೆಗೆ ಸಾಗಬೇಕು. ಆಚರಣೆಯೊಂದನ್ನು ದಾಖಲಿಸುವವರು ಅದರ ಹೊರೆ ಹೊತ್ತವರ ಸಾಕ್ಷ್ಯವನ್ನೂ ದಾಖಲಿಸಬೇಕು. ಇವು ಯಾವ ಹೊಸ ಅನುದಾನವನ್ನೂ ಕಾಯಬೇಕಾಗಿಲ್ಲದ ಕೆಲಸಗಳು. ಚೇಳೂರಿನಂಥ ಹೋಬಳಿಗಳಲ್ಲಿ ಇವು ನಡೆದಾಗ ಸಂಶೋಧನೆಯ ವ್ಯಾಪ್ತಿಯನ್ನು ತಿಳಿಯಲು ವಾರ್ಷಿಕ ವರದಿಯ ಪಟ್ಟಿಯನ್ನೇ ನೆಚ್ಚಬೇಕಾಗುವುದಿಲ್ಲ.