ಬ್ಯಾಕ್ಟೀರಿಯಾದ ಪೊರೆಯ ವಿಭವಾಂತರ: ವರ್ಣಕಗಳಿಂದ ಅಳತೆ

ಬ್ಯಾಕ್ಟೀರಿಯಾದ ಕೋಶಪೊರೆಯ ಒಳಬದಿಗೂ ಹೊರಬದಿಗೂ ನಡುವೆ ಇರುವ ವಿದ್ಯುತ್ ವಿಭವಾಂತರವನ್ನು, ಪ್ರತಿದೀಪ್ತಿ ಗುಣವುಳ್ಳ ಬಣ್ಣಗಳ ಬೆಳಕಿನಿಂದ ತಿಳಿಯುವ ವಿಧಾನ. ಉಸಿರಾಟದ ಕಿಣ್ವಗಳು ಪ್ರೋಟಾನುಗಳನ್ನು ಹೊರದೂಡುವುದರಿಂದ ಕೋಶದ ಒಳಗು ಋಣವಾಗುತ್ತದೆ. ಈ ಪ್ರೋಟಾನುಗಳು ಮರಳಿ ಬರುವ ಬಲದಿಂದಲೇ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುತ್ತದೆಂದು ಪೀಟರ್ ಮಿಚೆಲ್ 1961ರಲ್ಲಿ ವಾದಿಸಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಇ. ಕೋಲಿಯಲ್ಲಿ ಈ ವಿಭವಾಂತರ ಸುಮಾರು −100ರಿಂದ −150 ಮಿಲಿವೋಲ್ಟ್. ಕೇಳಲು ಅತ್ಯಲ್ಪ. ಆದರೆ ಪೊರೆಯ ದಪ್ಪ ಐದಾರು ನ್ಯಾನೋಮೀಟರ್ ಅಷ್ಟೇ. ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 2 ಕೋಟಿ ವೋಲ್ಟ್! ನರಕೋಶಕ್ಕೆ ಚುಚ್ಚುವ ಗಾಜಿನ ಸೂಜಿಯನ್ನು ಒಂದು ಮೈಕ್ರೋಮೀಟರ್ ಅಗಲದ, ಗಟ್ಟಿ ಗೋಡೆಯ ಈ ಜೀವಿಗೆ ಚುಚ್ಚುವುದು ಬಹಳ ಕಷ್ಟ. ಆದ್ದರಿಂದ ಬಣ್ಣದ ಮೊರೆ.

ಬಳಸುವ ವರ್ಣಕಗಳಲ್ಲಿ ಹೆಚ್ಚಿನವು ಧನ ಅಯಾನುಗಳು. ಋಣವಾದ ಒಳಗು ಅವನ್ನು ಸೆಳೆದುಕೊಳ್ಳುತ್ತದೆ. ನೆರ್ನ್ಸ್ಟ್ ಸಮೀಕರಣದ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ 59 ಮಿಲಿವೋಲ್ಟಿಗೆ ಒಳಗಿನ ಸಾಂದ್ರತೆ ಹತ್ತು ಪಟ್ಟು ಏರುತ್ತದೆ. −118ಕ್ಕೆ ನೂರು ಪಟ್ಟು.

ಡಿಸ್ಕ್3(5) ಎಂಬ ಸಯನೀನ್ ವರ್ಣಕದ ನಡೆ ಗಮನಿಸುವಂಥದ್ದು. 622 ನ್ಯಾನೋಮೀಟರ್ ತರಂಗದೂರದ ಬೆಳಕು ಹಾಯಿಸಿದರೆ ಇದು 670ರ ಸುಮಾರಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಬ್ಯಾಕ್ಟೀರಿಯಾ ಇರುವ ದ್ರಾವಣಕ್ಕೆ ಬೆರೆಸಿದಾಗ ಅಣುಗಳು ಕೋಶದೊಳಗೆ ಒತ್ತೊತ್ತಾಗಿ ಸೇರಿ ಒಂದರ ಬೆಳಕನ್ನು ಇನ್ನೊಂದು ನಂದಿಸುತ್ತವೆ. ಹೊಳಪನ್ನು ಅಳೆಯುವ ಯಂತ್ರದ ಗೆರೆ ಕೆಳಗಿಳಿದು ನಿಲ್ಲುತ್ತದೆ. ಆಗ ಪೊರೆ ಕೆಡಿಸುವ ಔಷಧ ಹಾಕಿದರೆ ಬಣ್ಣ ಹೊರಬಂದು ಗೆರೆ ಸರ್ರನೆ ಮೇಲೇರುತ್ತದೆ. ಅಂದರೆ ಇಲ್ಲಿ ಬೆಳಕು ಹೆಚ್ಚಿದಷ್ಟೂ ವಿಭವಾಂತರ ಕುಸಿದಿದೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ, ಔಷಧಕ್ಕೆ ಬಗ್ಗದ ರೋಗಾಣುಗಳ ಪೊರೆಯ ಮೇಲೆರಗುವ ಹೊಸ ಅಣುಗಳನ್ನು ಪರೀಕ್ಷಿಸಲು ಇದೇ ವರ್ಣಕವನ್ನು ಬಳಸಿದೆ.

ಥಯೋಫ್ಲೇವಿನ್-ಟಿ ಎಂಬ ವರ್ಣಕದ್ದು ಇದಕ್ಕೆ ತಿರುವುಮುರುವು: ಒಳಗು ಋಣವಾದಷ್ಟೂ ಕೋಶ ಹೆಚ್ಚು ಹೊಳೆಯುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಗುರೋಲ್ ಸುಯೆಲ್ ಅವರ ತಂಡ ಇದರ ನೆರವಿನಿಂದ, ಬ್ಯಾಸಿಲಸ್ ಸಬ್ಟಿಲಿಸ್‌ನ ಜೈವಿಕ ಪದರದಲ್ಲಿ ಪೊಟ್ಯಾಸಿಯಂ ಅಲೆಗಳ ಮೂಲಕ ವಿದ್ಯುತ್ ಸಂದೇಶ ಹರಡುವುದನ್ನು ತೋರಿಸಿತು. ಬ್ಯಾಕ್ಟೀರಿಯಾ ಒಂಟಿ ಜೀವಿ ಎಂಬ ಹಳೆಯ ಎಣಿಕೆಯನ್ನು ಅಲುಗಾಡಿಸಿದ ಕೆಲಸ ಇದು. ಋಣ ಆವೇಶದ ಡಿಬ್ಯಾಕ್4(3) ಎಂಬ ವರ್ಣಕವಾದರೋ ವಿಭವಾಂತರ ಕಳೆದುಕೊಂಡ ಕೋಶಗಳಿಗೆ ಹೊಕ್ಕು ಹೊಳೆಯುತ್ತದೆ.

ತಪ್ಪು ಓದಿಗೆ ದಾರಿಗಳು ಹಲವು. ಇ. ಕೋಲಿಯಂಥವುಗಳ ಹೊರಪೊರೆ ಕೆಲವು ಬಣ್ಣಗಳನ್ನು ತಡೆಯುತ್ತದೆ. ಅದನ್ನು ಸಡಿಲಿಸಲು ಇಡಿಟಿಎ ಎಂಬ ರಾಸಾಯನಿಕ ಬೆರೆಸುತ್ತಾರೆ. ಒಳಹೊಕ್ಕ ಬಣ್ಣವನ್ನು ಕೋಶದ ಪಂಪುಗಳು ಹೊರಹಾಕುವುದೂ ಉಂಟು. ಹೆಚ್ಚಾದರೆ ವರ್ಣಕವೇ ವಿಷ. ತೀವ್ರ ಬೆಳಕೂ ಕೋಶವನ್ನು ಘಾಸಿಗೊಳಿಸುತ್ತದೆ.

ಹೊಳಪು ತಾನಾಗಿ ಮಿಲಿವೋಲ್ಟ್ ಅಲ್ಲ. ಪೊಟ್ಯಾಸಿಯಂ ಮಾತ್ರ ಹಾಯುವಂತೆ ಮಾಡುವ ವ್ಯಾಲಿನೊಮೈಸಿನ್ ಬೆರೆಸಿ, ಹೊರಗಿನ ಪೊಟ್ಯಾಸಿಯಂ ಪ್ರಮಾಣ ಬದಲಿಸುತ್ತ, ಗೊತ್ತಿರುವ ವಿಭವಾಂತರಗಳಿಗೆ ಹೊಳಪನ್ನು ಹೊಂದಿಸಿ ನೋಡಿದ ಮೇಲೆಯೇ ಅಂಕಿ ಬರೆಯಬೇಕು. ಈ ಹೊಂದಿಕೆ ಮಾಡದ ಪ್ರಯೋಗದಿಂದ ವಿಭವಾಂತರ ಏರಿತೋ ಇಳಿಯಿತೋ ಎಂಬುದನ್ನಷ್ಟೇ ಹೇಳಬಹುದು.